ಶಾಲೆಯ ಬಾಗಿಲಿಗೆ ಕೃತಕ ಬುದ್ಧಿಮತ್ತೆ: ಎಜುಸ್ಯಾಟ್ ಕಂಡ ಜಿಲ್ಲೆ ಕೇಳಬೇಕಾದ ಪ್ರಶ್ನೆಗಳು

ಒಡೆಯರಪಾಳ್ಯ (ಹನೂರು ತಾಲ್ಲೂಕು): ಕೃತಕ ಬುದ್ಧಿಮತ್ತೆ, ಮಾತನ್ನು ಗುರುತಿಸುವ ತಂತ್ರಾಂಶ, ಮಗುವಿನ ಮಟ್ಟ ಅರಿತು ಲೆಕ್ಕ ಕೊಡುವ ಗಣಕ ಇವೆಲ್ಲ ಸೇರಿ ಶಾಲಾ ಶಿಕ್ಷಣದ ಸ್ವರೂಪವನ್ನೇ ಬದಲಿಸಲಿವೆ ಎಂಬ ಮಾತು ಇಂದು ಎಲ್ಲೆಡೆ ಕೇಳಿಬರುತ್ತಿದೆ. ಚಾಮರಾಜನಗರ ಜಿಲ್ಲೆಗೆ ಇಂತಹ ಭರವಸೆ ಹೊಸದೇನಲ್ಲ. ಎರಡು ದಶಕಗಳ ಹಿಂದೆ, ದೇಶದ ಗಮನ ಸೆಳೆದ ಉಪಗ್ರಹ ಶಿಕ್ಷಣ ಪ್ರಯೋಗವೊಂದಕ್ಕೆ ಆಯ್ಕೆಯಾದದ್ದು ಇದೇ ಜಿಲ್ಲೆ. ಅಂದು ಆಕಾಶದಿಂದ ಪಾಠ ಬಂದಿತು. ಇಂದು ಅಂತರ್ಜಾಲದ ಮೂಲಕ ಯಂತ್ರವೇ ಪಾಠ ಹೇಳಲು ಸಿದ್ಧವಾಗಿದೆ. ಹೊಸ ತಂತ್ರಜ್ಞಾನ ಶಿಕ್ಷಕರ ಕೈ ಬಲಪಡಿಸುವುದೋ ಅಥವಾ ಶಿಕ್ಷಕರಿಲ್ಲದ ಕೊರತೆಯನ್ನು ಮುಚ್ಚಿಡುವ ಪರದೆಯಾಗುವುದೋ ಎಂಬುದೇ ಕಾಡಂಚಿನ ಶಾಲೆಗಳ ಮುಂದಿರುವ ನಿಜವಾದ ಪ್ರಶ್ನೆ. ಈ ಪ್ರಶ್ನೆಗೆ ಸಂಬಂಧಿಸಿದ ಇತಿಹಾಸ, ಸಂಶೋಧನೆ ಹಾಗೂ ಪ್ರಸ್ತುತ ಸ್ಥಿತಿಯ ಸಮಗ್ರ ಮಾಹಿತಿ ಇಲ್ಲಿದೆ.

ನಾಲ್ಕು ನುಡಿಗಳ ನೆಲ

1997ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ಚಾಮರಾಜನಗರ ಜಿಲ್ಲೆ ರಚನೆಯಾಯಿತು. ಆಗ ಕೊಳ್ಳೇಗಾಲ ತಾಲ್ಲೂಕಿನಲ್ಲಿದ್ದ ಒಡೆಯರಪಾಳ್ಯ, ಹನೂರು ಪ್ರತ್ಯೇಕ ತಾಲ್ಲೂಕಾದ ಮೇಲೆ ಅದರ ವ್ಯಾಪ್ತಿಗೆ ಬಂದಿತು. ಒಂದು ಕಡೆ ಬಿಳಿಗಿರಿರಂಗನ ಬೆಟ್ಟದ ಹುಲಿ ಸಂರಕ್ಷಿತ ಪ್ರದೇಶ, ಇನ್ನೊಂದು ಕಡೆ 2013ರಲ್ಲಿ ವನ್ಯಧಾಮವೆಂದು ಘೋಷಣೆಯಾದ ಮಲೆ ಮಹದೇಶ್ವರ ಬೆಟ್ಟದ ಅರಣ್ಯ. ಆಚೆಗೆ ತಮಿಳುನಾಡಿನ ಗಡಿ. ಸಮೀಪದಲ್ಲಿಯೇ 1970ರ ದಶಕದಲ್ಲಿ ನೆಲೆಗೊಂಡ ಟಿಬೆಟನ್ ನಿರಾಶ್ರಿತರ ಧೊಂಡೆನ್‌ಲಿಂಗ್ ವಸತಿ ಪ್ರದೇಶವಿದೆ. ಕಾಡಿನೊಳಗಿನ ಪೋಡುಗಳಲ್ಲಿ ಸೋಲಿಗರು ವಾಸವಾಗಿದ್ದಾರೆ.

ಹೀಗಾಗಿ ಕನ್ನಡ, ತಮಿಳು, ಸೋಲಿಗ ನುಡಿ ಮತ್ತು ಟಿಬೆಟನ್ ಭಾಷೆ ಇಲ್ಲಿ ಅಕ್ಕಪಕ್ಕದಲ್ಲಿ ಬದುಕುತ್ತಿವೆ. ಮನೆಯಲ್ಲಿ ಒಂದು ನುಡಿ, ಶಾಲೆಯಲ್ಲಿ ಇನ್ನೊಂದು ನುಡಿ ಕೇಳುವ ಮಕ್ಕಳು ಈ ಭಾಗದಲ್ಲಿ ಅಪರೂಪವಲ್ಲ. ಮಕ್ಕಳ ಸಂಖ್ಯೆ ಕಡಿಮೆಯಿರುವ ಶಾಲೆಗಳಲ್ಲಿ ಒಬ್ಬರೇ ಶಿಕ್ಷಕರು ಹಲವು ತರಗತಿಗಳನ್ನು ಏಕಕಾಲಕ್ಕೆ ನೋಡಿಕೊಳ್ಳಬೇಕಾಗುತ್ತದೆ. ಬೆಂಗಳೂರಿನ ಪ್ರಯೋಗಾಲಯದಲ್ಲಿ ಸಿದ್ಧವಾಗುವ ಯಾವುದೇ ಶೈಕ್ಷಣಿಕ ತಂತ್ರಾಂಶದ ನಿಜವಾದ ಪರೀಕ್ಷೆ ನಡೆಯುವುದು ಇಂತಹ ಕಡೆಯೇ.

885 ಶಾಲೆಗಳ ಪ್ರಯೋಗ

ಶಿಕ್ಷಣಕ್ಕಾಗಿಯೇ ಮೀಸಲಾದ ಭಾರತದ ಮೊದಲ ಉಪಗ್ರಹ ಎಜುಸ್ಯಾಟ್. ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯು (ಇಸ್ರೊ) 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟಾದಿಂದ ಜಿಎಸ್‌ಎಲ್‌ವಿ-ಎಫ್01 ರಾಕೆಟ್ ಮೂಲಕ ಇದನ್ನು ಕಕ್ಷೆಗೆ ಸೇರಿಸಿತು. ಉಪಗ್ರಹದ ತೂಕ ಸುಮಾರು 1,950 ಕಿಲೋಗ್ರಾಂ. ಉನ್ನತ ಶಿಕ್ಷಣದಲ್ಲಿ ಇದರ ಪೂರ್ವಭಾವಿ ಪ್ರಯೋಗ ಇನ್‌ಸ್ಯಾಟ್-3ಬಿ ಉಪಗ್ರಹದ ಮೂಲಕ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ನಡೆದಿತ್ತು. ಪ್ರಾಥಮಿಕ ಶಿಕ್ಷಣದ ಪ್ರಯೋಗಕ್ಕೆ ಕರ್ನಾಟಕದಲ್ಲಿ ಆಯ್ಕೆಯಾದ ಜಿಲ್ಲೆ ಚಾಮರಾಜನಗರ. ಜಿಲ್ಲೆಯ 885 ಪ್ರಾಥಮಿಕ ಶಾಲೆಗಳನ್ನು ಈ ಜಾಲಕ್ಕೆ ಸೇರಿಸಲಾಯಿತು.

ವ್ಯವಸ್ಥೆ ಸರಳವಾಗಿತ್ತು. ಬೆಂಗಳೂರಿನಲ್ಲಿ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯ (ಡಿಎಸ್‌ಇಆರ್‌ಟಿ) ಆಶ್ರಯದಲ್ಲಿ ಪಾಠಗಳು ಸಿದ್ಧವಾಗಿ ಪ್ರಸಾರವಾಗುತ್ತಿದ್ದವು. ಶಾಲೆಯ ಮೇಲಿನ ತಟ್ಟೆಯಾಕಾರದ ಆಂಟೆನಾ ಅದನ್ನು ಹಿಡಿದು ಕೋಣೆಯೊಳಗಿನ ಟಿ.ವಿ.ಗೆ ತಲುಪಿಸುತ್ತಿತ್ತು. ಪಾಠಕ್ಕೆ ಮೊದಲು ವಿಷಯವನ್ನು ಪರಿಚಯಿಸಿ, ನಂತರ ಮಕ್ಕಳೊಡನೆ ಚರ್ಚಿಸುವುದು ಶಿಕ್ಷಕರ ಹೊಣೆ. ವಿಷಯತಜ್ಞರಿಲ್ಲದ ಊರಿಗೂ ಉತ್ತಮ ಪಾಠ ತಲುಪಬೇಕೆಂಬ ಆಶಯ ಇದರ ಹಿಂದಿತ್ತು. ಆ ಆಶಯದ ನ್ಯಾಯಯುತತೆಯನ್ನು ಇಂದಿಗೂ ಯಾರೂ ಅಲ್ಲಗಳೆಯಲಾರರು.

ಆದರೆ ಪ್ರಾಥಮಿಕ ಶಾಲೆಗಳಿಗೆ ಕೊಟ್ಟ ಈ ಉಪಕರಣ ಪ್ರಸಾರವನ್ನು ಸ್ವೀಕರಿಸಬಲ್ಲದಾಗಿತ್ತೇ ಹೊರತು ಉತ್ತರ ಕಳುಹಿಸಬಲ್ಲದಾಗಿರಲಿಲ್ಲ. ಅರ್ಥವಾಗದ ಮಗು ಪರದೆಯ ಗುರುವನ್ನು ಪ್ರಶ್ನಿಸುವಂತಿರಲಿಲ್ಲ. ಪ್ರಸಾರದ ವೇಳೆ ನಿಗದಿಯಾಗಿರುವುದರಿಂದ ಆ ಹೊತ್ತಿಗೆ ವಿದ್ಯುತ್ ಇರಬೇಕು, ಉಪಕರಣ ಸುಸ್ಥಿತಿಯಲ್ಲಿರಬೇಕು, ಮಕ್ಕಳು ಆ ಪಾಠದ ಹಂತಕ್ಕೆ ಬಂದಿರಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಅಂದಿನ ಪಾಠ ವ್ಯರ್ಥ. ಐದನೇ ತರಗತಿಯ ಪಾಠ ಪ್ರಸಾರವಾಗುವಾಗ ಅದೇ ಕೋಣೆಯಲ್ಲಿ ನಾಲ್ಕನೇ ತರಗತಿಯ ಮಕ್ಕಳೂ ಕುಳಿತಿರುವ ಶಾಲೆಗಳಲ್ಲಿ ಶಿಕ್ಷಕರ ಕೆಲಸ ಇನ್ನಷ್ಟು ಜಟಿಲ. ಎಜುಸ್ಯಾಟ್ ತನ್ನ ಸೇವೆಯನ್ನು 2010ರ ಸೆಪ್ಟೆಂಬರ್‌ನಲ್ಲಿ ಮುಗಿಸಿತು.

ಉಪಗ್ರಹದ ಮೂಲಕ ಪಾಠ ಹೇಳುವ ಯತ್ನಕ್ಕೆ ಕರ್ನಾಟಕದಲ್ಲಿ ಇನ್ನೂ ಹಳೆಯ ಇತಿಹಾಸವಿದೆ. 1975ರ ಆಗಸ್ಟ್‌ನಿಂದ ಒಂದು ವರ್ಷ ಕಾಲ ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ನಡೆದ 'ಸೈಟ್' ಪ್ರಯೋಗದಲ್ಲಿ ರಾಜ್ಯದ ಗುಲ್ಬರ್ಗ, ರಾಯಚೂರು ಮತ್ತು ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಸೇರಿದ್ದವು. ಮೂವತ್ತು ವರ್ಷಗಳ ಅಂತರದ ಈ ಎರಡು ಪ್ರಯೋಗಗಳು ತಾಂತ್ರಿಕವಾಗಿ ಸಾಧ್ಯವೆಂದು ಸಾಬೀತಾದವು. ಉಪಗ್ರಹದ ಅವಧಿ ಮುಗಿದ ಮೇಲೆ ಶಾಲೆಯಲ್ಲಿ ಉಳಿಯುವುದೇನು ಎಂಬ ಪ್ರಶ್ನೆ ಮಾತ್ರ ಎರಡೂ ಬಾರಿ ಎದ್ದು ನಿಂತಿತು.

ಗುತ್ತಿಗೆಯ ಗಣಕ, ಗುರುವಿನ ಗಣಕ

ಶಾಲೆಗಳಿಗೆ ಗಣಕ ತರುವ ಕೇಂದ್ರ ಸರ್ಕಾರದ ಮೊದಲ ಯೋಜನೆ 'ಕ್ಲಾಸ್' 1984-85ರಲ್ಲಿ ಆರಂಭವಾಯಿತು. ಬ್ರಿಟನ್ನಿನ 'ಬಿಬಿಸಿ ಮೈಕ್ರೋ' ಯಂತ್ರಗಳು ಆಗ ಆಯ್ದ ಶಾಲೆಗಳಿಗೆ ಬಂದಿದ್ದವು. ಕರ್ನಾಟಕದಲ್ಲಿ ದೊಡ್ಡ ಪ್ರಮಾಣದ ಯತ್ನವೆಂದರೆ 2001-02ರ 'ಮಾಹಿತಿ ಸಿಂಧು'. 1,000 ಸರ್ಕಾರಿ ಪ್ರೌಢಶಾಲೆಗಳಿಗೆ ಗಣಕಗಳನ್ನು ಒದಗಿಸಿ, ಕಲಿಸುವ ಹೊಣೆಯನ್ನು ಖಾಸಗಿ ತರಬೇತಿ ಸಂಸ್ಥೆಗಳಿಗೆ ಒಪ್ಪಿಸಲಾಯಿತು. ಗಣಕ ಕಲಿಸುವವರು ಸಂಸ್ಥೆಯ ಸಿಬ್ಬಂದಿ. ಗಣಿತ, ವಿಜ್ಞಾನ, ಸಮಾಜ ಕಲಿಸುವವರು ಶಾಲೆಯ ಶಿಕ್ಷಕರು. ಇಬ್ಬರ ನಡುವೆ ಕೊಡುಕೊಳ್ಳುವಿಕೆ ಬೆಳೆಯಲಿಲ್ಲ. ಗುತ್ತಿಗೆಯ ಅವಧಿ ಮುಗಿದೊಡನೆ ಕಲಿಸುವವರೂ ಹೊರಟರು.

ನೆರೆಯ ಕೇರಳದಲ್ಲಿ ಇದೇ ಕಾಲದಲ್ಲಿ ಆರಂಭವಾದ 'ಐಟಿ@ಸ್ಕೂಲ್' ಯೋಜನೆ ಬೇರೆ ಹಾದಿ ಹಿಡಿಯಿತು. ಅಲ್ಲಿ ಶಾಲೆಯ ಶಿಕ್ಷಕರಿಗೇ ತರಬೇತಿ ನೀಡಿ, ಪರವಾನಗಿ ಶುಲ್ಕವಿಲ್ಲದ ಸ್ವತಂತ್ರ ತಂತ್ರಾಂಶವನ್ನು ಬಳಕೆಗೆ ತರಲಾಯಿತು. ಇದರ ಫಲ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಿಗೂ ತಲುಪಿದೆ. ಕೇರಳದ ಮಾಹಿತಿ ತಂತ್ರಜ್ಞಾನ ಪಠ್ಯಪುಸ್ತಕಗಳು ಮಲಯಾಳಂ, ಇಂಗ್ಲಿಷ್, ತಮಿಳುಗಳ ಜೊತೆಗೆ ಕನ್ನಡದಲ್ಲಿಯೂ ಪ್ರಕಟವಾಗುತ್ತವೆ. 2017ರಲ್ಲಿ 'ಕೈಟ್' ಎಂಬ ಹೆಸರಿನ ಸರ್ಕಾರಿ ಕಂಪನಿಯಾಗಿ ಮಾರ್ಪಟ್ಟ ಈ ಯೋಜನೆ, 2024ರಲ್ಲಿ ಏಳನೇ ತರಗತಿಯ ಪಠ್ಯಕ್ಕೆ ಕೃತಕ ಬುದ್ಧಿಮತ್ತೆಯ ಪರಿಚಯವನ್ನು ಸೇರಿಸಿತು.

ಬೆಂಗಳೂರಿನ 'ಐಟಿ ಫಾರ್ ಚೇಂಜ್' ಸಂಸ್ಥೆ ಈ ಎರಡು ಮಾದರಿಗಳನ್ನು ಹೋಲಿಸಿ ಅಧ್ಯಯನ ನಡೆಸಿ, ಹೊರಗುತ್ತಿಗೆಗಿಂತ ಶಿಕ್ಷಕರನ್ನು ಒಳಗೊಳ್ಳುವ ಮಾದರಿಯೇ ಬೇರು ಬಿಟ್ಟಿತು ಎಂಬ ನಿಲುವಿಗೆ ಬಂದಿತ್ತು. ಮುಂದೆ ಇದೇ ಸಂಸ್ಥೆ ಡಿಎಸ್‌ಇಆರ್‌ಟಿ ಜೊತೆ ಸೇರಿ ಕರ್ನಾಟಕದಲ್ಲಿ ವಿಷಯ ಶಿಕ್ಷಕರ ವೇದಿಕೆ ಹಾಗೂ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ಜಾಲತಾಣವನ್ನು ರೂಪಿಸಿತು. ರಾಜ್ಯ ಸರ್ಕಾರ ತನ್ನ 'ತಂತ್ರಜ್ಞಾನ ಆಧಾರಿತ ಕಲಿಕಾ ಕಾರ್ಯಕ್ರಮ'ದಲ್ಲಿ ಪ್ರೌಢಶಾಲಾ ಶಿಕ್ಷಕರ ತರಬೇತಿಗೆ ಒತ್ತು ನೀಡಿದ್ದು ಇದೇ ದಿಕ್ಕಿನ ಹೆಜ್ಜೆ.

ಒಂದು ಮೌಸ್, ಹಲವು ಕೈಗಳು

ಒಂದು ಗಣಕದ ಮುಂದೆ ಐದಾರು ಮಕ್ಕಳು ಕುಳಿತರೆ ಏನಾಗುತ್ತದೆ? ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾ ಸಂಸ್ಥೆಯ ಸಂಶೋಧಕರು ಗ್ರಾಮೀಣ ಶಾಲೆಗಳಲ್ಲಿ ಈ ಪ್ರಶ್ನೆಯನ್ನು ಹತ್ತಿರದಿಂದ ಪರಿಶೀಲಿಸಿದರು. ಮೌಸ್ ಹಿಡಿಯುವುದು ಸಾಮಾನ್ಯವಾಗಿ ಒಂದೇ ಮಗು. ಉಳಿದವರು ನೋಡುವವರು ಮಾತ್ರ. ಇದಕ್ಕೆ ಪರಿಹಾರವಾಗಿ ಒಂದೇ ಗಣಕಕ್ಕೆ ಹಲವು ಮೌಸ್‌ಗಳನ್ನು ಜೋಡಿಸಿ, ಪ್ರತಿ ಮಗುವಿಗೂ ಬೇರೆ ಬಣ್ಣದ ಸೂಚಕ ಕೊಡುವ 'ಮಲ್ಟಿಪಾಯಿಂಟ್' ವಿಧಾನ 2006ರ ಸುಮಾರಿಗೆ ರೂಪುಗೊಂಡಿತು. ಕಡಿಮೆ ಖರ್ಚಿನಲ್ಲಿ, ಶಾಲೆಯ ವಾಸ್ತವವನ್ನು ನೋಡಿ ಹುಟ್ಟಿದ ಉಪಾಯವಿದು.

ಆ ತಂಡದಲ್ಲಿದ್ದ ಕೆಂಟಾರೊ ಟೊಯಾಮಾ ಅವರು ಮುಂದೆ 2015ರಲ್ಲಿ ಪ್ರಕಟಿಸಿದ 'ಗೀಕ್ ಹೆರೆಸಿ' ಎಂಬ ಪುಸ್ತಕದಲ್ಲಿ ತಂತ್ರಜ್ಞಾನವನ್ನು ಧ್ವನಿವರ್ಧಕಕ್ಕೆ ಹೋಲುವ ಶಕ್ತಿಯೆಂದು ವಿವರಿಸಿದ್ದಾರೆ. ಚೆನ್ನಾಗಿ ನಡೆಯುವ ಶಾಲೆಯನ್ನು ಅದು ಇನ್ನಷ್ಟು ಚೆನ್ನಾಗಿಸುತ್ತದೆ. ಸೊರಗಿದ ಶಾಲೆಯನ್ನು ಅದೊಂದೇ ಎತ್ತಿ ನಿಲ್ಲಿಸಲಾರದು ಎಂಬುದು ಅವರ ವಾದದ ಸಾರ. ರಾಜ್ಯದಲ್ಲಿ ಗಣಕ ಆಧಾರಿತ ಕಲಿಕೆಗೆ ಹಲವು ಭಾಷೆಗಳಲ್ಲಿ ಸಿ.ಡಿ.ಗಳನ್ನು ಸಿದ್ಧಪಡಿಸಿದ್ದ ಅಜೀಂ ಪ್ರೇಮ್‌ಜಿ ಫೌಂಡೇಷನ್ ಕೂಡ ತನ್ನ ಅನುಭವದ ಆಧಾರದ ಮೇಲೆ ಆ ಕಾರ್ಯಕ್ರಮದಿಂದ ಹಿಂದೆ ಸರಿದು, ಶಿಕ್ಷಕರ ಸಾಮರ್ಥ್ಯವೃದ್ಧಿಗೆ ಆದ್ಯತೆ ನೀಡಿತು.

ಸಂಶೋಧನೆ ಏನು ಹೇಳುತ್ತದೆ?

ಗಣಕದಿಂದ ಕಲಿಕೆ ಹೆಚ್ಚುತ್ತದೆಯೇ ಎಂಬ ಪ್ರಶ್ನೆಗೆ 'ಹೌದು' ಅಥವಾ 'ಇಲ್ಲ' ಎಂಬ ಒಂದೇ ಮಾತಿನ ಉತ್ತರವಿಲ್ಲ. ಹೇಗೆ ಬಳಸಲಾಯಿತು ಎಂಬುದರ ಮೇಲೆ ಫಲ ನಿಂತಿದೆ.

ದಕ್ಷಿಣ ಅಮೆರಿಕದ ಪೆರು ದೇಶ 'ಪ್ರತಿ ಮಗುವಿಗೊಂದು ಲ್ಯಾಪ್‌ಟಾಪ್' ಯೋಜನೆಯಡಿ ಲಕ್ಷಾಂತರ ಯಂತ್ರಗಳನ್ನು ಹಂಚಿತು. 319 ಗ್ರಾಮೀಣ ಪ್ರಾಥಮಿಕ ಶಾಲೆಗಳನ್ನು ಆಧರಿಸಿ 2012ರಲ್ಲಿ ಹೊರಬಂದ ಅಧ್ಯಯನದಲ್ಲಿ ಗಣಿತ ಮತ್ತು ಭಾಷೆಯ ಪರೀಕ್ಷಾ ಫಲಿತಾಂಶದಲ್ಲಿ ಗಮನಾರ್ಹ ಸುಧಾರಣೆ ಕಂಡುಬರಲಿಲ್ಲ. ಯಂತ್ರ ಕೈಗೆ ಬಂದಿತು, ಕಲಿಸುವ ಕ್ರಮ ಬದಲಾಗಲಿಲ್ಲ.

ಗುಜರಾತಿನ 'ಜ್ಞಾನಶಾಲಾ' ಕೇಂದ್ರಗಳಲ್ಲಿ ಅರ್ಥಶಾಸ್ತ್ರಜ್ಞ ಲೀ ಲಿಂಡೆನ್ ನಡೆಸಿದ ಅಧ್ಯಯನ ಇನ್ನೂ ಸ್ಪಷ್ಟ ಪಾಠ ನೀಡಿತು. ಶಿಕ್ಷಕರ ಬೋಧನೆಯ ಅವಧಿಯನ್ನು ಕಿತ್ತು ಗಣಕಕ್ಕೆ ಕೊಟ್ಟಾಗ ಮಕ್ಕಳ ಕಲಿಕೆ ಕುಸಿಯಿತು. ಅದೇ ತಂತ್ರಾಂಶವನ್ನು ಶಾಲಾ ಅವಧಿಯ ಹೊರಗೆ, ಹೆಚ್ಚುವರಿ ಅಭ್ಯಾಸಕ್ಕೆ ಬಳಸಿದಾಗ ಕಲಿಕೆ ಏರಿತು.

ದೆಹಲಿಯಲ್ಲಿ 'ಮೈಂಡ್‌ಸ್ಪಾರ್ಕ್' ತಂತ್ರಾಂಶದ ಕುರಿತು ಕಾರ್ತಿಕ್ ಮುರಳೀಧರನ್ ಮತ್ತು ಸಹ ಸಂಶೋಧಕರು ನಡೆಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನ ಆಶಾದಾಯಕವಾದುದು. ಆರನೇ ತರಗತಿಯ ಮಕ್ಕಳು ಗಣಿತದಲ್ಲಿ ಸರಾಸರಿ ಎರಡೂವರೆ ತರಗತಿಗಳಷ್ಟು ಹಿಂದೆ ಇದ್ದರು. ಪಠ್ಯಪುಸ್ತಕ ಎಲ್ಲಿದೆ ಎಂದು ನೋಡದೆ ಮಗು ಎಲ್ಲಿದೆ ಎಂದು ನೋಡಿ ಆ ಮಟ್ಟದ ಲೆಕ್ಕಗಳನ್ನು ತಂತ್ರಾಂಶ ನೀಡುತ್ತಿತ್ತು. ಸುಮಾರು ನಾಲ್ಕೂವರೆ ತಿಂಗಳಲ್ಲಿ ಗಣಿತದಲ್ಲಿ 0.37, ಹಿಂದಿ ಭಾಷೆಯಲ್ಲಿ 0.23 ಮಾನಕ ವಿಚಲನೆಯಷ್ಟು ಪ್ರಗತಿ ದಾಖಲಾಯಿತು. ಶಿಕ್ಷಣ ಸಂಶೋಧನೆಯಲ್ಲಿ ಇದು ದೊಡ್ಡ ಪ್ರಮಾಣದ ಸುಧಾರಣೆ. ಆದರೆ ಆ ಕೇಂದ್ರಗಳು ಶಾಲಾ ಅವಧಿಯ ನಂತರ ನಡೆಯುತ್ತಿದ್ದವು. ದಿನದ ಒಂದೂವರೆ ಗಂಟೆಯಲ್ಲಿ ಅರ್ಧ ಸಮಯ ಗಣಕದ ಮುಂದೆ ಕಳೆದರೆ ಉಳಿದರ್ಧ ಸಮಯ ಸಣ್ಣ ಗುಂಪಿನಲ್ಲಿ ಬೋಧನಾ ಸಹಾಯಕರೊಡನೆ ಕಳೆಯುತ್ತಿತ್ತು. ಯಶಸ್ಸಿನ ಲೆಕ್ಕ ಹೇಳುವಾಗ ಈ ಅಂಶವನ್ನು ಮರೆಯುವಂತಿಲ್ಲ.

ಪ್ರತಿ ಮಗುವೂ ತನ್ನ ವೇಗದಲ್ಲಿ ಕಲಿಯಬೇಕೆಂಬ ತತ್ವ ಮೈಸೂರು ಸೀಮೆಗೆ ಅಪರಿಚಿತವಲ್ಲ. ಚಾಮರಾಜನಗರ ಇನ್ನೂ ಮೈಸೂರು ಜಿಲ್ಲೆಯಲ್ಲಿಯೇ ಇದ್ದ ಕಾಲದಲ್ಲಿ, 1995ರಲ್ಲಿ, ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 'ನಲಿ-ಕಲಿ' ಆರಂಭವಾಯಿತು. ಆಂಧ್ರಪ್ರದೇಶದ ರಿಷಿವ್ಯಾಲಿಯ ಮಾದರಿಯಿಂದ ಪ್ರೇರಣೆ ಪಡೆದು ಶಿಕ್ಷಕರೇ ರೂಪಿಸಿದ ಕಲಿಕಾ ಕಾರ್ಡುಗಳು, ಕಲಿಕಾ ಏಣಿ, ಗುಂಪು ತಟ್ಟೆಗಳು ವಿದ್ಯುತ್ ಇಲ್ಲದೆಯೇ ಈ ಕೆಲಸ ಮಾಡಿದವು. ಇಂದಿನ ತಂತ್ರಾಂಶಗಳು 'ವೈಯಕ್ತಿಕ ಕಲಿಕೆ' ಎಂದು ಸಾರುವುದರ ತಿರುಳು ಆ ಕಾರ್ಡುಗಳಲ್ಲಿಯೇ ಇತ್ತು. ಹಲವು ತರಗತಿಗಳನ್ನು ಒಬ್ಬರೇ ನಿಭಾಯಿಸುವ ಶಿಕ್ಷಕರಿಗೆ, ಯಾವ ಮಗು ಏಣಿಯ ಯಾವ ಮೆಟ್ಟಿಲಲ್ಲಿದೆ ಎಂಬ ದಾಖಲೆ ಇಡುವುದರಲ್ಲಿ ಗಣಕ ನೆರವಾದರೆ ಅದು ನಿಜವಾದ ಉಪಕಾರ.

ಕನ್ನಡ ಕಲಿಯುತ್ತಿರುವ ಯಂತ್ರ

2022ರ ನವೆಂಬರ್ 30ರಂದು ಅಮೆರಿಕದ ಓಪನ್‌ಎಐ ಸಂಸ್ಥೆ 'ಚಾಟ್‌ಜಿಪಿಟಿ'ಯನ್ನು ಸಾರ್ವಜನಿಕರಿಗೆ ಮುಕ್ತಗೊಳಿಸಿದ ನಂತರ ಚರ್ಚೆಯ ದಿಕ್ಕೇ ಬದಲಾಯಿತು. ಎಜುಸ್ಯಾಟ್‌ನಲ್ಲಿ ಸಾಧ್ಯವಿಲ್ಲದಿದ್ದ ಒಂದು ಸಂಗತಿ ಈಗ ಸಾಧ್ಯ: ಮಗು ಪ್ರಶ್ನೆ ಕೇಳಬಹುದು, ಯಂತ್ರ ಉತ್ತರಿಸುತ್ತದೆ, ಅರ್ಥವಾಗದಿದ್ದರೆ ಮತ್ತೊಮ್ಮೆ ಬೇರೆ ರೀತಿಯಲ್ಲಿ ವಿವರಿಸುತ್ತದೆ. ಇದನ್ನು ಕಡೆಗಣಿಸುವುದು ಸರಿಯಲ್ಲ.

ಆದರೆ ಈ ಯಂತ್ರಗಳು ಭಾಷೆಯನ್ನು ಕಲಿಯುವುದು ಅಪಾರ ಪ್ರಮಾಣದ ಪಠ್ಯವನ್ನು ಓದಿ. ಇಂಗ್ಲಿಷ್ ವಿಕಿಪೀಡಿಯದಲ್ಲಿ 70 ಲಕ್ಷಕ್ಕೂ ಹೆಚ್ಚು ಲೇಖನಗಳಿದ್ದರೆ 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿರುವುದು ಮೂವತ್ತು ಸಾವಿರಕ್ಕೆ ಸ್ವಲ್ಪ ಹೆಚ್ಚು. ಇದರ ಜೊತೆಗೆ ಯಂತ್ರವು ಪದಗಳನ್ನು 'ಟೋಕನ್' ಎಂಬ ಸಣ್ಣ ತುಣುಕುಗಳಾಗಿ ಒಡೆದು ಲೆಕ್ಕ ಹಾಕುತ್ತದೆ. 'ಶಾಲೆಯಲ್ಲಿದ್ದವರಿಗೂ' ಎಂಬಂತೆ ಪ್ರತ್ಯಯಗಳು ಒಂದರ ಮೇಲೊಂದು ಸೇರುವ ಕನ್ನಡದ ಪದಗಳು ಇಂಗ್ಲಿಷಿಗಿಂತ ಹೆಚ್ಚು ತುಣುಕುಗಳಾಗುತ್ತವೆ. ಹೀಗಾಗಿ ಅದೇ ವಿಷಯಕ್ಕೆ ಕನ್ನಡದಲ್ಲಿ ಹೆಚ್ಚು ಲೆಕ್ಕಾಚಾರ, ಹೆಚ್ಚು ವೆಚ್ಚ ತಗಲುವುದುಂಟು. ತಪ್ಪು ಮಾಹಿತಿಯನ್ನು ನಿಸ್ಸಂದೇಹದ ಧಾಟಿಯಲ್ಲಿ ಹೇಳುವ ದೋಷ ಈ ಯಂತ್ರಗಳಿಗಿದೆ. ಪಠ್ಯದ ತಪ್ಪನ್ನು ಗುರುತಿಸುವಷ್ಟು ತಿಳಿವಳಿಕೆ ಇನ್ನೂ ಬಾರದ ಮಗುವಿನ ಮುಂದೆ ಇದು ಅಪಾಯಕಾರಿ.

ಕನ್ನಡವನ್ನು ಗಣಕಕ್ಕೆ ತಂದ ಹಾದಿಯೂ ಸುಗಮವಾಗಿರಲಿಲ್ಲ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ರೂಪಿಸಿದ 'ಬರಹ', ಕನ್ನಡ ಗಣಕ ಪರಿಷತ್ತಿನ 'ನುಡಿ', ಕನ್ನಡ ತಂತ್ರಾಂಶಕ್ಕಾಗಿ ದನಿಯೆತ್ತಿದ ಪೂರ್ಣಚಂದ್ರ ತೇಜಸ್ವಿಯವರಂತಹ ಲೇಖಕರ ಕಾಳಜಿ ಇವೆಲ್ಲದರ ಫಲ ಇಂದಿನ ಸೌಲಭ್ಯ. ಆದರೂ ಯೂನಿಕೋಡ್‌ಗೆ ಮೊದಲಿನ ಅಕ್ಷರ ಸಂಕೇತದಲ್ಲಿ ಟೈಪ್ ಮಾಡಿದ ಅಪಾರ ಕನ್ನಡ ಪಠ್ಯ, ಪರಿವರ್ತನೆ ಮಾಡದ ಹೊರತು ಯಂತ್ರದ ಓದಿಗೆ ಸಿಗುವುದಿಲ್ಲ.

ಈ ಕೊರತೆ ನೀಗಿಸುವ ಯತ್ನಗಳು ನಡೆದಿವೆ. ಕೇಂದ್ರ ಸರ್ಕಾರದ 'ಭಾಷಿಣಿ' ಯೋಜನೆಗೆ 2022ರ ಜುಲೈನಲ್ಲಿ ಚಾಲನೆ ದೊರೆಯಿತು. ಮದ್ರಾಸ್ ಐಐಟಿಯ 'ಎಐ4ಭಾರತ್' ಕೇಂದ್ರ ಭಾರತೀಯ ಭಾಷೆಗಳ ಅನುವಾದ ಮತ್ತು ಧ್ವನಿ ಗುರುತಿಸುವಿಕೆಯಲ್ಲಿ ತೊಡಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ಜೊತೆ ಕೈಗೊಂಡ 'ವಾಣಿ' ಯೋಜನೆ ದೇಶದ ಎಲ್ಲ ಜಿಲ್ಲೆಗಳ ಮಾತಿನ ಮಾದರಿ ಸಂಗ್ರಹಿಸುವ ಗುರಿ ಹೊಂದಿದೆ.

ಹನೂರು ಭಾಗಕ್ಕೆ ಈ ಕೊನೆಯ ಸಂಗತಿ ಮುಖ್ಯ. ಮಲೆ ಮಹದೇಶ್ವರ ಮತ್ತು ಮಂಟೇಸ್ವಾಮಿ ಕಾವ್ಯಗಳನ್ನು ತಲೆಮಾರುಗಳಿಂದ ಬಾಯಲ್ಲಿಯೇ ಉಳಿಸಿಕೊಂಡು ಬಂದ ನೆಲದ ಆಡುಮಾತು ಪಠ್ಯಪುಸ್ತಕದ ಕನ್ನಡಕ್ಕಿಂತ ಭಿನ್ನ. ಸೋಲಿಗ ನುಡಿ ಕನ್ನಡಕ್ಕೆ ಹತ್ತಿರವಿದ್ದರೂ ಅದಕ್ಕೆ ತನ್ನದೇ ಪದಸಂಪತ್ತು, ಉಚ್ಚಾರಣೆಗಳಿವೆ. ಮಗುವಿನ ಓದನ್ನು ಆಲಿಸಿ ಅಂಕ ನೀಡುವ ತಂತ್ರಾಂಶ ಶಿಷ್ಟ ಕನ್ನಡವನ್ನು ಮಾತ್ರ ಅರಿತಿದ್ದರೆ, ಪೋಡಿನ ಮಗು ಸರಿಯಾಗಿ ಓದಿದರೂ ತಪ್ಪೆಂದು ದಾಖಲಾಗುವ ಸಂಭವವಿದೆ. ಶಿಕ್ಷಕರಾದರೆ ಮಗುವಿನ ಉಚ್ಚಾರಣೆಯ ಹಿನ್ನೆಲೆಯನ್ನು ಬಲ್ಲರು. ಯಂತ್ರಕ್ಕೆ ಅದನ್ನು ಕಲಿಸಬೇಕು. ಈ ಭಾಗದ ಜನರ ಒಪ್ಪಿಗೆಯೊಡನೆ ಅವರ ಮಾತಿನ ಮಾದರಿಗಳು ಸೇರಿದಾಗ ಮಾತ್ರ ಅದು ಸಾಧ್ಯ.

ಕೊರೊನಾ ಕಾಲದ ಅನುಭವ

2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದಾಗ ತಂತ್ರಜ್ಞಾನದ ಮಿತಿಗಳು ಒಮ್ಮೆಲೇ ಬಯಲಾದವು. ನಗರದ ಮಕ್ಕಳು ಆನ್‌ಲೈನ್ ತರಗತಿಗೆ ಹೊಂದಿಕೊಂಡರೆ, ಮೊಬೈಲ್ ಸಂಕೇತ ದುರ್ಬಲವಾಗಿರುವ ಕಾಡಂಚಿನ ಊರುಗಳ ಮಕ್ಕಳಿಗೆ ಆ ಭಾಗ್ಯ ಇರಲಿಲ್ಲ. ರಾಜ್ಯ ಸರ್ಕಾರ ದೂರದರ್ಶನದ ಚಂದನ ವಾಹಿನಿಯಲ್ಲಿ 'ಸಂವೇದ' ಪಾಠಗಳನ್ನು ಪ್ರಸಾರ ಮಾಡಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಹೋಗಿ ಕಲಿಸುವ 'ವಿದ್ಯಾಗಮ' ಆರಂಭವಾಯಿತು. ಸೋಂಕಿನ ಭೀತಿಯಿಂದ ಅಕ್ಟೋಬರ್‌ನಲ್ಲಿ ಅದನ್ನು ತಾತ್ಕಾಲಿಕವಾಗಿ ನಿಲ್ಲಿಸಲಾಯಿತಾದರೂ, ಅಂತರ್ಜಾಲ ತಲುಪದ ಕಡೆ ಶಿಕ್ಷಕರ ಕಾಲ್ನಡಿಗೆಯೇ ಜಾಲವಾದದ್ದು ದಾಖಲಾರ್ಹ.

ನಂತರದ ವರ್ಷಗಳಲ್ಲಿ ಮೊಬೈಲ್ ಬಳಕೆ ವ್ಯಾಪಕವಾಗಿದೆ. 'ಅಸರ್' 2024ರ ವರದಿಯ ಪ್ರಕಾರ ಗ್ರಾಮೀಣ ಭಾರತದ 14ರಿಂದ 16 ವರ್ಷದ ಮಕ್ಕಳಲ್ಲಿ ಶೇ 89ರಷ್ಟು ಮಂದಿಯ ಮನೆಯಲ್ಲಿ ಸ್ಮಾರ್ಟ್‌ಫೋನ್ ಇತ್ತು. ಸ್ಮಾರ್ಟ್‌ಫೋನ್ ಬಳಸಲು ಬಲ್ಲ ಮಕ್ಕಳಲ್ಲಿ ಸಮೀಕ್ಷೆಗೆ ಹಿಂದಿನ ವಾರದಲ್ಲಿ ಅದನ್ನು ಕಲಿಕೆಗೆ ಬಳಸಿದವರು ಶೇ 57. ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇ 76. ಕೇಂದ್ರ ಶಿಕ್ಷಣ ಸಚಿವಾಲಯದ 2023-24ರ 'ಯು-ಡೈಸ್ ಪ್ಲಸ್' ಅಂಕಿಅಂಶದಂತೆ ದೇಶದ ಶೇ 57.2ರಷ್ಟು ಶಾಲೆಗಳಲ್ಲಿ ಗಣಕ, ಶೇ 53.9ರಷ್ಟು ಶಾಲೆಗಳಲ್ಲಿ ಅಂತರ್ಜಾಲ ಸೌಲಭ್ಯ ಇತ್ತು. ಮನೆಯಲ್ಲಿ ಯಂತ್ರ ಬಂದಷ್ಟು ವೇಗವಾಗಿ ಶಾಲೆಗೆ ಬಂದಿಲ್ಲ. ಬಂದ ಯಂತ್ರ ಕಲಿಕೆಗೆ ತಿರುಗಿಲ್ಲ.

ಮುಂದೆ ಬರಲಿರುವುದೇನು?

ಕಾಡಂಚಿನ ಶಾಲೆಗಳಿಗೆ ಉಪಯುಕ್ತವಾಗಬಲ್ಲ ತಂತ್ರಜ್ಞಾನಗಳನ್ನು ಸ್ಥೂಲವಾಗಿ ನಾಲ್ಕು ವಿಧವಾಗಿ ವಿಂಗಡಿಸಬಹುದು.

ಶಿಕ್ಷಕರ ಸಹಾಯಕ: ಬೆಂಗಳೂರಿನ ಶಿಕ್ಷಣ ಫೌಂಡೇಷನ್ ಮತ್ತು ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾ ಸೇರಿ ರೂಪಿಸಿದ 'ಶಿಕ್ಷಾ ಕೋಪೈಲಟ್' 2023ರಲ್ಲಿ ರಾಜ್ಯದ ಕೆಲವು ಸರ್ಕಾರಿ ಶಾಲೆಗಳಲ್ಲಿ ಪ್ರಯೋಗಕ್ಕೆ ಬಂದಿತು. ರಾಜ್ಯದ ಪಠ್ಯಕ್ರಮವನ್ನು ಆಧರಿಸಿ ಪಾಠಯೋಜನೆ, ಚಟುವಟಿಕೆಗಳನ್ನು ಇದು ಸಿದ್ಧಪಡಿಸಿಕೊಡುತ್ತದೆ. ಪರಿಶೀಲಿಸಿ ತಿದ್ದುವ ಅಧಿಕಾರ ಶಿಕ್ಷಕರದು. ಬರವಣಿಗೆಯ ಹೊರೆ ಕಡಿಮೆಯಾದಷ್ಟೂ ಮಕ್ಕಳಿಗೆ ಸಿಗುವ ಸಮಯ ಹೆಚ್ಚುತ್ತದೆ.

ಮಟ್ಟಕ್ಕೆ ತಕ್ಕ ಅಭ್ಯಾಸ: ಮೈಂಡ್‌ಸ್ಪಾರ್ಕ್ ಮಾದರಿಯ ತಂತ್ರಾಂಶಗಳು ಹಿಂದುಳಿದ ಮಗುವನ್ನು ಗುರುತಿಸಿ, ಅದು ತಪ್ಪುತ್ತಿರುವ ಹಂತಕ್ಕೇ ಮರಳಿ ಅಭ್ಯಾಸ ಕೊಡುತ್ತವೆ.

ಅಂತರ್ಜಾಲ ಬೇಡದ ಗ್ರಂಥಾಲಯ: 'ಕೊಲಿಬ್ರಿ'ಯಂತಹ ಮುಕ್ತ ತಂತ್ರಾಂಶದ ನೆರವಿನಿಂದ ಪಾಠ, ವಿಡಿಯೊ, ಅಭ್ಯಾಸಗಳನ್ನು ಶಾಲೆಯ ಒಂದು ಸಣ್ಣ ಗಣಕದಲ್ಲಿ ತುಂಬಿಟ್ಟು, ಸುತ್ತಲಿನ ಟ್ಯಾಬ್‌ಗಳಿಗೆ ಅಂತರ್ಜಾಲವಿಲ್ಲದೆಯೇ ಒದಗಿಸಬಹುದು. ಫೋನಿನಲ್ಲಿಯೇ ಕೆಲಸ ಮಾಡುವ ಚಿಕ್ಕ ಗಾತ್ರದ ಭಾಷಾ ಮಾದರಿಗಳೂ ಬರುತ್ತಿವೆ. ಸಂಕೇತ ಸಿಗದ ಊರುಗಳಿಗೆ ಅತ್ಯಂತ ಸೂಕ್ತವಾದ ದಾರಿ ಇದು. 'ಅರಿವು ಕೇಂದ್ರ'ಗಳೆಂದು ಕರೆಯಲಾಗುತ್ತಿರುವ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿಯೂ ಇದನ್ನು ಅಳವಡಿಸಲು ಅವಕಾಶವಿದೆ.

ಮಾತಿನ ಸೇತುವೆ: ಪಠ್ಯವನ್ನು ಓದಿ ಹೇಳುವ, ಮಾತನ್ನು ಬರಹವಾಗಿಸುವ ತಂತ್ರಾಂಶಗಳು ದೃಷ್ಟಿದೋಷವುಳ್ಳ ಮಕ್ಕಳಿಗೆ ಹಾಗೂ ಮನೆಮಾತು ಬೇರೆಯಾಗಿರುವ ಮಕ್ಕಳಿಗೆ ನೆರವಾಗಬಲ್ಲವು.

ಮಕ್ಕಳ ಮಾಹಿತಿಗೆ ಕಾವಲು

ಎಜುಸ್ಯಾಟ್ ಮಕ್ಕಳಿಂದ ಏನನ್ನೂ ಪಡೆದುಕೊಳ್ಳುತ್ತಿರಲಿಲ್ಲ. ಹೊಸ ತಂತ್ರಾಂಶಗಳು ಮಗುವಿನ ಹೆಸರು, ಧ್ವನಿ, ತಪ್ಪು-ಒಪ್ಪುಗಳ ದಾಖಲೆಯನ್ನು ಪಡೆಯುತ್ತವೆ. ಅದನ್ನು ಎಲ್ಲಿ, ಎಷ್ಟು ಕಾಲ, ಯಾರ ವಶದಲ್ಲಿ ಇಡಲಾಗುತ್ತದೆ ಎಂಬುದು ಗಂಭೀರ ವಿಷಯ. ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2022ರಲ್ಲಿ ವಿವಿಧ ದೇಶಗಳ 164 ಶೈಕ್ಷಣಿಕ ತಂತ್ರಾಂಶ ಹಾಗೂ ಜಾಲತಾಣಗಳನ್ನು ಪರಿಶೀಲಿಸಿ, ಬಹುಪಾಲು ಕಡೆ ಮಕ್ಕಳ ಮಾಹಿತಿಯ ಸುರಕ್ಷತೆಗೆ ಧಕ್ಕೆಯಿದೆ ಎಂದು ವರದಿ ಮಾಡಿತ್ತು. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿ ಬಳಕೆಗೆ ಪೋಷಕರ ಒಪ್ಪಿಗೆಯನ್ನು ಅಗತ್ಯವಾಗಿಸಿದೆ. ಯುನೆಸ್ಕೊ 2023ರ ತನ್ನ ಜಾಗತಿಕ ಶಿಕ್ಷಣ ವರದಿಯಲ್ಲಿ ತಂತ್ರಜ್ಞಾನ ಯಾರ ಷರತ್ತಿನ ಮೇಲೆ ಶಾಲೆಗೆ ಬರಬೇಕು ಎಂಬ ಪ್ರಶ್ನೆಯನ್ನೇ ಕೇಂದ್ರವಾಗಿಟ್ಟುಕೊಂಡಿತು.

ಕಾಲಾನುಕ್ರಮ

1975-76: ಉಪಗ್ರಹ ಟಿ.ವಿ. ಪ್ರಯೋಗ 'ಸೈಟ್', ರಾಜ್ಯದ ಮೂರು ಜಿಲ್ಲೆಗಳ ಹಳ್ಳಿಗಳು ಸೇರ್ಪಡೆ.
1984-85: ಶಾಲೆಗಳಿಗೆ ಗಣಕ ಒದಗಿಸುವ ಕೇಂದ್ರದ 'ಕ್ಲಾಸ್' ಯೋಜನೆ.
1995: ಹೆಗ್ಗಡದೇವನಕೋಟೆಯಲ್ಲಿ 'ನಲಿ-ಕಲಿ' ಆರಂಭ.
2001-02: 1,000 ಪ್ರೌಢಶಾಲೆಗಳಲ್ಲಿ 'ಮಾಹಿತಿ ಸಿಂಧು'.
2004: ಎಜುಸ್ಯಾಟ್ ಉಡಾವಣೆ, ನಂತರ ಚಾಮರಾಜನಗರದ 885 ಶಾಲೆಗಳ ಜಾಲ.
2010: ಎಜುಸ್ಯಾಟ್ ಸೇವೆ ಅಂತ್ಯ.
2017: ಶಿಕ್ಷಕರ ದಿನದಂದು 'ದೀಕ್ಷಾ' ವೇದಿಕೆಗೆ ಚಾಲನೆ.
2020: ಶಾಲೆಗಳ ಮುಚ್ಚುಗಡೆ, 'ಸಂವೇದ', 'ವಿದ್ಯಾಗಮ'.
2022: 'ಭಾಷಿಣಿ' ಮತ್ತು 'ಚಾಟ್‌ಜಿಪಿಟಿ'.
2023: 'ಶಿಕ್ಷಾ ಕೋಪೈಲಟ್' ಪ್ರಯೋಗ, ದತ್ತಾಂಶ ಸಂರಕ್ಷಣಾ ಕಾಯ್ದೆ.

ಎಸ್‌ಡಿಎಂಸಿ ಕೇಳಬೇಕಾದ ಪ್ರಶ್ನೆಗಳು

ಸರ್ಕಾರದಿಂದಾಗಲಿ, ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನಿಧಿಯಿಂದಾಗಲಿ ಶಾಲೆಗೆ ಹೊಸ ತಂತ್ರಜ್ಞಾನ ಬಂದಾಗ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಕೆಲವು ಪ್ರಶ್ನೆಗಳನ್ನು ಮುಂದಿಡುವುದು ಒಳಿತು.

1. ಇದು ಶಿಕ್ಷಕರ ಬೋಧನೆಯ ಅವಧಿಗೆ ಸೇರ್ಪಡೆಯೋ, ಬದಲಿಯೋ?
2. ವಿದ್ಯುತ್ ಹೋದಾಗ, ಸಂಕೇತ ಸಿಗದಾಗ ಕೆಲಸ ಮಾಡುತ್ತದೆಯೇ?
3. ಕೆಟ್ಟರೆ ರಿಪೇರಿ ಮಾಡುವವರು ಯಾರು, ಎಷ್ಟು ದಿನದೊಳಗೆ? ಅದಕ್ಕೆ ಹಣವೆಲ್ಲಿದೆ?
4. ಒಪ್ಪಂದ ಮುಗಿದ ಮೇಲೆ ಪಾಠಗಳು ಶಾಲೆಯಲ್ಲಿ ಉಳಿಯುತ್ತವೆಯೇ?
5. ರಾಜ್ಯದ ಕನ್ನಡ ಪಠ್ಯಕ್ಕೆ ಹೊಂದುತ್ತದೆಯೇ? ಸ್ಥಳೀಯ ಮಾತನ್ನು ಅರಿಯಬಲ್ಲದೇ?
6. ಮಕ್ಕಳ ಮಾಹಿತಿ ಯಾರ ಬಳಿ ಹೋಗುತ್ತದೆ? ಪೋಷಕರ ಒಪ್ಪಿಗೆ ಪಡೆಯಲಾಗಿದೆಯೇ?
7. ಶಾಲೆಯ ಶಿಕ್ಷಕರಿಗೆ ತರಬೇತಿ ಇದೆಯೇ? ಅವರು ವರ್ಗಾವಣೆಯಾದರೆ ಮುಂದೇನು?

ಇವುಗಳಲ್ಲಿ ಮೊದಲನೆಯ ಪ್ರಶ್ನೆಯೇ ಅತಿ ಮುಖ್ಯ. ಖಾಲಿ ಹುದ್ದೆಗೆ ನೇಮಕ ಮಾಡುವುದಕ್ಕಿಂತ ಟ್ಯಾಬ್ ಕಳುಹಿಸುವುದು ಸುಲಭ ಮತ್ತು ಅಗ್ಗ. ಆ ಸುಲಭದ ದಾರಿಯ ಮೊದಲ ಹೊರೆ ಬೀಳುವುದು ರಸ್ತೆಯ ಕೊನೆಯ ಶಾಲೆಯ ಮೇಲೆ. ನಗರದ ಶಾಲೆಯಲ್ಲಿ ಶಿಕ್ಷಕರ ಜೊತೆಗೆ ಯಂತ್ರ, ಕಾಡಂಚಿನ ಶಾಲೆಯಲ್ಲಿ ಶಿಕ್ಷಕರ ಬದಲಿಗೆ ಯಂತ್ರ ಎಂಬ ವಿಭಜನೆ ಉಂಟಾದರೆ, ಅಂತರ ತಗ್ಗಿಸಲು ಬಂದ ತಂತ್ರಜ್ಞಾನವೇ ಅಂತರವನ್ನು ಹಿಗ್ಗಿಸಿದಂತಾಗುತ್ತದೆ.

ಉಪಗ್ರಹ, ಸಿ.ಡಿ., ಲ್ಯಾಪ್‌ಟಾಪ್, ಟ್ಯಾಬ್‌ಗಳ ಸಾಲಿಗೆ ಈಗ ಕೃತಕ ಬುದ್ಧಿಮತ್ತೆ ಸೇರಿದೆ. ಹಿಂದಿನವುಗಳಿಗಿಂತ ಇದರ ಶಕ್ತಿ ಹೆಚ್ಚು; ಮಗುವಿನೊಡನೆ ಮಾತನಾಡಬಲ್ಲ ಮೊದಲ ಸಾಧನವಿದು. ಆ ಶಕ್ತಿ ಮಕ್ಕಳಿಗೆ ದಕ್ಕಬೇಕಾದರೆ ಶಾಲೆಯಲ್ಲಿ ವಿದ್ಯುತ್, ದುರಸ್ತಿಯ ಏರ್ಪಾಡು, ಕನ್ನಡದ ಪಠ್ಯ ಮತ್ತು ಎಲ್ಲಕ್ಕಿಂತ ಮಿಗಿಲಾಗಿ ಮಕ್ಕಳ ಹೆಸರು ಬಲ್ಲ ಒಬ್ಬ ಶಿಕ್ಷಕರು ಇರಬೇಕು. 885 ಶಾಲೆಗಳ ಅನುಭವವಿರುವ ಜಿಲ್ಲೆಗೆ ಇದನ್ನು ಒತ್ತಾಯಿಸಿ ಕೇಳುವ ಹಕ್ಕು ಇತರರಿಗಿಂತ ಹೆಚ್ಚಾಗಿಯೇ ಇದೆ.